ಪಿನ್ನು ಟಕ್ ಟಕ್ ಅಂತಿತ್ತು

ಈ ಸಲ ಹೂವು, ಔಷಧಿ, ಜಿಗಿಹುಳದ ವಿಷಯ ಅಲ್ಲ. ಕಾಯಿ ಇಳಿಸಿ ಆದ್ಮೇಲೆ ಅದನ್ನ ಮಂಡಿಗೆ ಹೊತ್ತುಕೊಂಡು ಹೋಗ್ತೀವಲ್ಲ, ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಬಿಡುವಿದ್ದಾಗ ಓದಿ. ಟ್ರ್ಯಾಕ್ಟರ್ ಓಡಿಸೋ ಹುಡುಗರು ಮನೇಲಿದ್ರೆ ಅವರಿಗೂ ಓದಿಸಿ.

ಹೋದ ವರ್ಷ, 2025ರ ಜೂನ್, ನಮ್ಮ ಶ್ರೀನಿವಾಸಪುರದೋರಿಗೆ ಮರೆಯೋ ತಿಂಗಳಲ್ಲ. ಮೊದಲ ವಾರದಲ್ಲೇ ಚಿತ್ತೂರು ಜಿಲ್ಲಾಡಳಿತ ನಮ್ಮ ಕಡೆಯ ತೋತಾಪುರಿ ಒಳಗೆ ಬಿಡಲ್ಲ ಅಂತು. ನಮ್ಮ ತೋತಾಪುರಿಗೆ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳೇ ದೊಡ್ಡ ಗಿರಾಕಿ. ಆ ಬಾಗಿಲು ಮುಚ್ಚಿದ ಮೇಲೆ ಮಂಡೀಲಿ ಕಾಯಿ ಕೇಳೋರೇ ಇಲ್ಲ. ಶ್ರೀನಿವಾಸಪುರ ಬಂದ್ ಆಯ್ತು, ಮುಖ್ಯಮಂತ್ರಿಗಳು ಆಂಧ್ರಕ್ಕೆ ಪತ್ರ ಬರೆದ್ರು. ಕೇಂದ್ರದೋರು ಕ್ವಿಂಟಾಲಿಗೆ 1,616 ರೂಪಾಯಿ ಲೆಕ್ಕ ಹಿಡಿದು, ಎರಡೂವರೆ ಲಕ್ಷ ಟನ್ನಿಗೆ ವ್ಯತ್ಯಾಸದ ದುಡ್ಡು ಕೊಡ್ತೀವಿ ಅಂತ ಒಪ್ಪಿದ್ದು ಆಮೇಲೆ. ನಾನು ಹೇಳ್ತಿರೋದು ಅದಕ್ಕೆ ಮುಂಚಿನ ದಿನಗಳ ಮಾತು. ಮರದಲ್ಲಿ ಕಾಯಿ ಹಣ್ಣಾಗ್ತಿದೆ, ಕೀಳೋ ಕೂಲಿ ಕೊಟ್ಟರೆ ಕೈಗೆ ಏನೂ ಉಳಿಯಲ್ಲ.

ಅವತ್ತು ನಾನು ಹಾಕಿದ ಲೆಕ್ಕ ಇಷ್ಟೇ. ಎರಡು ಟ್ರಿಪ್ ಹೋಗೋ ಕಡೆ ಒಂದೇ ಟ್ರಿಪ್ಪಲ್ಲಿ ಮುಗಿಸೋಣ, ಡೀಸೆಲ್ ಉಳಿಯುತ್ತೆ. ನಮ್ಮದು ಎರಡು ಚಕ್ರದ ಟ್ರೇಲರ್. ಮಾಮೂಲಿಯಾಗಿ ಎರಡು ಟನ್ ಕಾಯಿ ಹಾಕ್ತೀವಿ. ಅವತ್ತು ಮೂರೂವರೆ ಹತ್ರ ಹಾಕಿದ್ವಿ. ತೊಟ್ಟಿ ತುಂಬಿದ ಮೇಲೂ ಕಾಯಿ ಮಿಕ್ಕಿತ್ತು, ಹಿಂದಿನ ಬಾಗಿಲು ಇಳಿಸಿ, ಸರಪಳಿಗೆ ತೂಗು ಹಾಕಿ, ಆ ಹಲಗೆ ಮೇಲೂ ಕ್ರೇಟು ಜೋಡಿಸಿದ್ವಿ. ಹಗ್ಗ ಬಿಗಿದು ಕಟ್ಟಿದ್ದು ನಾನೇ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಊರಲ್ಲಿ ಎಲ್ರೂ ಓಡಿಸ್ತಿದ್ದ ಹುಡುಗನ ಮೇಲೆ ಹಾಕ್ತಾರೆ.

ಓಡಿಸ್ತಿದ್ದವನು ನಮ್ಮಕ್ಕನ ಮಗ, 22 ವರ್ಷ. ನಾನು ಮಡ್‌ಗಾರ್ಡ್ ಮೇಲೆ ಕೂತಿದ್ದೆ. ಅದೂ ತಪ್ಪೇ, ಅಲ್ಲಿ ಕೂರಬಾರದು. ತೋಟದಿಂದ ಹೊರಗೆ ಬಂದು ಟಾರ್ ರೋಡಿಗೆ ಹತ್ತಿದಾಗಿನಿಂದ ಹಿಂದೆ ಹುಕ್ಕಿನ ಪಿನ್ನು ಟಕ್ ಟಕ್ ಅಂತಿತ್ತು. ಹಳ್ಳ ಬಂದಾಗ ಎಳೆದಾಡೋ ಸದ್ದಲ್ಲ ಅದು, ಕೊಂಡಿ ಎದ್ದು ಎದ್ದು ಬೀಳೋ ಸದ್ದು. "ಮಾವ, ಏನೋ ಸದ್ದು ಬತ್ತಾ ಐತೆ" ಅಂದ. "ಪಿನ್ನು ಸವೆದೈತೆ, ನಡಿಯೋ" ಅಂದೆ.

ಮುಂದೆ ಒಂದು ಇಳಿಜಾರು. ಘಾಟಿ ಏನಲ್ಲ, ಕೆರೆ ಏರಿಗೆ ಇಳಿಯೋ ಅರ್ಧ ಕಿಲೋಮೀಟರ್ ಇಳಿಕೆ. ಅವನು ಅಭ್ಯಾಸಬಲದಲ್ಲಿ ನ್ಯೂಟ್ರಲ್‌ಗೆ ಹಾಕಿದ. ನಾವೂ ಹಂಗೇ ಕಲಿತದ್ದು, ಅಷ್ಟು ದೂರ ಡೀಸೆಲ್ ಉಳಿಯುತ್ತೆ ಅಂತ. ವೇಗ ಏರ್ತಾ ಏರ್ತಾ ಟ್ರೇಲರ್ ಎಡಕ್ಕೆ ಒಂದು ಸಲ ತೂಗ್ತು. ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಜಾಸ್ತಿ. ದನ ನೊಣ ಓಡಿಸೋಕೆ ಬಾಲ ಬೀಸೋ ಹಂಗೆ. ಅವನು ಸ್ಟೇರಿಂಗ್ ಅತ್ತ ಇತ್ತ ತಿರುಗಿಸಿ ಸರಿ ಮಾಡೋಕೆ ಹೋದ, ಬಾಲ ಇನ್ನೂ ಜೋರಾಗಿ ಬೀಸ್ತು. ಗಾಬರಿಯಲ್ಲಿ ಬ್ರೇಕ್ ಒತ್ತಿದ.

ಬೆಳಿಗ್ಗೆ ಅದೇ ಟ್ರ್ಯಾಕ್ಟರಲ್ಲಿ ಮರದ ಸಾಲಿನ ಮಧ್ಯೆ ಉಳುಮೆ ಮಾಡಿದ್ವಿ. ಸಾಲಿನ ಕೊನೇಲಿ ಗಕ್ಕನೆ ತಿರುಗಿಸೋಕೆ ಒಂದೇ ಚಕ್ರದ ಬ್ರೇಕ್ ಬೇಕು. ಅದಕ್ಕೆ ಎರಡು ಬ್ರೇಕ್ ಪೆಡಲ್ ಸೇರಿಸೋ ಪಟ್ಟಿ ಬಿಚ್ಚಿದ್ವಿ. ರೋಡಿಗೆ ಬರೋವಾಗ ಮತ್ತೆ ಹಾಕಿರಲಿಲ್ಲ. ಅವನ ಕಾಲು ಬಲಗಡೆ ಪೆಡಲ್ ಮೇಲೆ ಮಾತ್ರ ಬಿತ್ತು. ಬಲಚಕ್ರ ಹಿಡೀತು, ಟ್ರ್ಯಾಕ್ಟರ್ ಬಲಕ್ಕೆ ಎಳೀತು, ಅಂದ್ರೆ ಎದುರು ಬರೋರ ದಾರಿಗೆ. ಎದುರಿಗೆ ಒಂದು ಟಿವಿಎಸ್ ಎಕ್ಸೆಲ್, ಗಂಡ ಹೆಂಡ್ತಿ, ಮುಂದೆ ಹಾಲಿನ ಕ್ಯಾನು. ಆತ ಗಾಡಿ ಮೋರಿ ಪಕ್ಕದ ಹಳ್ಳಕ್ಕೆ ಇಳಿಸಿದ್ದಕ್ಕೆ ಬದುಕಿದ್ರು. ನಮ್ಮ ಟ್ರೇಲರ್ ಅಡ್ಡ ತಿರುಗಿ ನಿಂತು, ಹಿಂದಿನ ಕ್ರೇಟೆಲ್ಲ ರೋಡಿನ ಮೇಲೆ ಚೆಲ್ಲಾಪಿಲ್ಲಿ.

ಆ ತಾಯಿಯ ಮಣಿಕಟ್ಟು ಮುರೀತು. ಆಸ್ಪತ್ರೆ ಖರ್ಚು ನಾನು ನೋಡ್ಕೊಂಡೆ, ಅದೇನು ದೊಡ್ಡದಲ್ಲ. ಆದರೆ ಆಕೆ ಎರಡು ಹಸು ಕರೆಯೋಳು. ಆರು ವಾರ ಕೈಗೆ ಪಟ್ಟಿ. ಒಂದು ಹಸು ಆಕೆ ಕೈಗೆ ಬಿಟ್ರೆ ಬೇರೆಯೋರಿಗೆ ಹಾಲು ಬಿಡ್ತಿರಲಿಲ್ಲ. ನಮ್ಮ ಮನೆಯವಳು ಹದಿನೈದು ದಿನ ಸಂಜೆ ಸಂಜೆ ಹೋಗಿ ಕರೆಯೋಕೆ ನೋಡಿದ್ಲು, ಒದೆಸಿಕೊಂಡು ಬಂದ್ಲು.

ಹುಡುಗ ಒಂದು ತಿಂಗಳು ಟ್ರ್ಯಾಕ್ಟರ್ ಮುಟ್ಟಲಿಲ್ಲ.

ಟ್ರೇಲರಿನ ಹುಕ್ಕು ಬಗ್ಗಿತ್ತು, ಮುಳಬಾಗಿಲು ಕಡೆ ಒಬ್ರು ವಯಸ್ಸಾದ ಆಚಾರ್ರ ಹತ್ರ ಒಯ್ದೆ. ಅವರು ಮೊದಲು ಎತ್ತಿನ ಗಾಡಿ ಮಾಡ್ತಿದ್ದೋರು, ಈಗ ಟ್ರೇಲರ್ ವೆಲ್ಡಿಂಗ್. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ್ರು: "ಗೌಡ್ರೇ, ಎತ್ತಿನ ಗಾಡಿ ಹೂಡಿದೀರಾ?" ಹೂಡಿದೀನಿ ಅಂದೆ. "ಹಿಂಭಾರ ಆದ್ರೆ ಏನಾಯ್ತದೆ?" ಮೂಕಿ ಮೇಲೇಳುತ್ತೆ, ನೊಗದ ಹಗ್ಗ ಎತ್ತಿನ ಗಂಟಲಿಗೆ ಒತ್ತುತ್ತೆ ಅಂದೆ. "ಎತ್ತು ಆದ್ರೆ ನಿಂತ್ಕೊಂಡು ನಿಮಗೆ ಹೇಳ್ತಿತ್ತು. ಟ್ರ್ಯಾಕ್ಟರ್ ಹೇಳಲ್ಲ. ಅದೂ ಹೇಳ್ತದೆ, ಪಿನ್ನಲ್ಲಿ."

ನನಗೆ ಮುಖಕ್ಕೆ ಹೊಡೆದಂಗಾಯ್ತು. ನಮ್ಮಪ್ಪ ಗಾಡಿಗೆ ಗೊಬ್ಬರ ಹೇರಿದ ಮೇಲೆ ಮೂಕಿ ಹಿಡಿದು ಒಂದು ಸಲ ಎತ್ತಿ ನೋಡದೆ ಎತ್ತು ಹೂಡ್ತಿರಲಿಲ್ಲ. ಸ್ವಲ್ಪ ಮುಂಭಾರ ಇರಬೇಕು, ಆದರೆ ಎತ್ತಿನ ಹೆಗಲು ಮುರಿಯೋಷ್ಟು ಅಲ್ಲ.

ಆಚಾರ್ರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಕಾಯಿ ಕೀಳೋಕೆ ಏಣಿ ಹೆಗಲ ಮೇಲೆ ಹೊತ್ಕೊಂಡು ಹೋಗಿರ್ತೀರಿ. ಮುಂದಿನ ಭಾಗ ಸ್ವಲ್ಪ ಭಾರ ಇದ್ರೆ ಏಣಿ ಹೇಳಿದ ಕಡೆ ಬರುತ್ತೆ. ಹಿಂದಿನ ಭಾಗ ಉದ್ದ ಬಿಟ್ಟು ಜೋರಾಗಿ ನಡೆದು ನೋಡಿ, ಹಿಂದಿನ ತುದಿ ಆಡೋಕೆ ಶುರುವಾದ್ರೆ ನಿಮ್ಮನ್ನೇ ತಿರುಗಿಸುತ್ತೆ. ಟ್ರೇಲರಿನ ಅಚ್ಚು ಅಂದ್ರೆ ನಿಮ್ಮ ಹೆಗಲು. ನಮ್ಮ ಎರಡು ಚಕ್ರದ ಟ್ರೇಲರಲ್ಲಿ ಅಚ್ಚನ್ನ ತೊಟ್ಟಿ ಮಧ್ಯಕ್ಕಿಂತ ಸ್ವಲ್ಪ ಹಿಂದಕ್ಕೇ ಇಟ್ಟಿರ್ತಾರೆ, ಭಾರ ತಾನಾಗೇ ಹುಕ್ಕಿನ ಮೇಲೆ ಬರಲಿ ಅಂತ. ತೊಟ್ಟಿ ಸಮನಾಗಿ ತುಂಬಿದ್ರೆ ತೊಂದ್ರೆ ಇಲ್ಲ. ಬಾಗಿಲು ಇಳಿಸಿ ಅದರ ಮೇಲೆ ಹೇರಿದ್ವಿ ನೋಡಿ, ಅಲ್ಲಿಗೆ ಮಾಡಿದೋನ ಲೆಕ್ಕ ಕೆಟ್ಟಿತು.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ಟ್ರ್ಯಾಕ್ಟರಿಗೆ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ, ಟ್ರೇಲರಿಗೆ ಬ್ರೇಕೇ ಇಲ್ಲ. ಹಿಂಭಾರ ಆದ್ರೆ ಹುಕ್ಕು ಮೇಲಕ್ಕೆ ಎತ್ತುತ್ತೆ, ಅಂದ್ರೆ ಟ್ರ್ಯಾಕ್ಟರಿನ ಹಿಂದಿನ ಚಕ್ರವೇ ಹಗುರ ಆಗುತ್ತೆ. ಬ್ರೇಕ್ ಎಲ್ಲಿ ಬೇಕೋ ಅಲ್ಲೇ ಹಿಡಿತ ಇಲ್ಲ. ಹಿಂದಿನಿಂದ ನಾಲ್ಕೂವರೆ ಟನ್ ನೂಕ್ತಾ ಇದೆ.

ಆ ವಾರವೇ ಮಾಮೂಲಿ ಲೋಡು, ಮುಂದಕ್ಕೆ ಒತ್ತಿ ಜೋಡಿಸಿ, ವೇಬ್ರಿಡ್ಜಿಗೆ ಒಯ್ದು ಒಂದು ಪರೀಕ್ಷೆ ಮಾಡಿದೆ. ಮೊದಲು ಟ್ರೇಲರ್ ಒಂದನ್ನೇ, ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಟ್ರ್ಯಾಕ್ಟರ್ ಬಿಚ್ಚಿ ತೂಗಿಸಿದೆ: 3,240 ಕೆಜಿ. ಆಮೇಲೆ ಟ್ರ್ಯಾಕ್ಟರಿಗೆ ಕಟ್ಟಿ, ಟ್ರೇಲರಿನ ಚಕ್ರ ಮಾತ್ರ ಹಲಗೆ ಮೇಲೆ ಬರೋ ಹಂಗೆ ನಿಲ್ಲಿಸಿದೆ: 2,760. ಮಧ್ಯದ 480 ಕೆಜಿ ಹುಕ್ಕಿನ ಮೇಲಿದೆ. ಹೆಚ್ಚೂಕಮ್ಮಿ ಏಳರಲ್ಲಿ ಒಂದು ಪಾಲು. ಹೊರದೇಶದಲ್ಲಿ ಕಾರಿನ ಹಿಂದೆ ಟ್ರೇಲರ್ ಎಳೆಯೋರು ನೂರಕ್ಕೆ 10ರಿಂದ 15 ಪಾಲು ಹುಕ್ಕಿನ ಮೇಲಿರಬೇಕು ಅಂತ ಲೆಕ್ಕ ಇಟ್ಕೋತಾರೆ. ನಮ್ಮ ಟ್ರ್ಯಾಕ್ಟರ್ ಅದಕ್ಕಿಂತ ಜಾಸ್ತಿ ತಡೆಯುತ್ತೆ, ಆದರೆ ತೀರಾ ಹೆಚ್ಚಾದ್ರೆ ಮುಂದಿನ ಚಕ್ರ ಹಗುರ ಆಗಿ ಸ್ಟೇರಿಂಗ್ ತಿರುಗಿಸಿದ್ರೂ ತಿರುಗಲ್ಲ, ಏರಲ್ಲಿ ಮೂತಿ ಎತ್ತುತ್ತೆ. ವೇಬ್ರಿಡ್ಜಿನೋನು ಎರಡು ತೂಕಕ್ಕೆ ಎರಡು ಸಲ ದುಡ್ಡು ತಗೊಂಡು, "ಇದೇನ್ರೀ ಹುಚ್ಚು" ಅಂತ ನಕ್ಕ. ನಗ್ಲಿ.

ಬಾಕಿ ಎಲ್ಲ ನಾವು ನೋಡ್ದೇ ಬಿಟ್ಟ ಸಣ್ಣ ಸಣ್ಣ ವಿಷಯ. ಟ್ರೇಲರಿನ ಒಂದು ಕಡೆ ಹೊಸ ಟೈರ್, ಇನ್ನೊಂದು ಕಡೆ ರೀಸೋಲ್ ಮಾಡಿಸಿದ್ದು, ಗಾಳಿ ಎರಡರಲ್ಲೂ ಒಂದೇ ಇರಲಿಲ್ಲ. ಚಕ್ರ ಜಾಕಿ ಮೇಲೆ ಎತ್ತಿ ಕೈಯಲ್ಲಿ ಅಲ್ಲಾಡಿಸಿದ್ರೆ ಬೇರಿಂಗ್ ಲೂಸು. ಪಿನ್ನಿನ ತೂತು ದುಂಡಗಿರೋದು ಹೋಗಿ ಮೊಟ್ಟೆ ಆಕಾರ ಆಗಿತ್ತು. ಒಂದೊಂದೂ ಒಂಟಿಯಾಗಿ ಏನೂ ಮಾಡ್ತಿರಲಿಲ್ಲ ಅನ್ನಿ. ತೂಗಾಟ ಹುಟ್ಟೋಕೆ ಇಂಥ ಸಡಿಲ ಬೇಕು, ಬೆಳೆಯೋಕೆ ಹಿಂಭಾರ ಮತ್ತೆ ವೇಗ ಬೇಕು. ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬಿಗೆ ಎರಡೆರಡು ಟ್ರೇಲರ್ ಕಟ್ಕೊಂಡು ಹೋಗೋದು ನೋಡಿರ್ತೀರಿ. ಹಿಂದಿನದು ಹೆಂಗೆ ಆಡುತ್ತೆ ಅಂತ ಈಗ ನೋಡಿದ್ರೆ ನನಗೆ ಹೊಟ್ಟೆ ತೊಳಸುತ್ತೆ.

ಆಡೋಕೆ ಶುರುವಾಗೇ ಬಿಟ್ರೆ ಏನು ಮಾಡಬೇಕು ಅಂತ ಹುಡುಗ ಆಚಾರ್ರನ್ನೇ ಕೇಳಿದ. ಅವರು ಅಂದಿದ್ದು: "ಸ್ಟೇರಿಂಗ್ ನೆಟ್ಟಗೆ ಹಿಡ್ಕೊ, ಅದರ ಜೊತೆ ಕುಸ್ತಿ ಆಡ್ಬೇಡ. ಆಕ್ಸಿಲೇಟರ್ ಮೆಲ್ಲಗೆ ಬಿಡು. ಬ್ರೇಕ್ ತುಳೀಬೇಡ, ಕ್ಲಚ್ ಒತ್ಬೇಡ. ಇಂಜಿನ್ನೇ ಹಿಡೀತದೆ. ನಿದಾನಂಗಾ ಪೋ ರಾ." ಕುಸ್ತಿ ಆಡಿದ್ರೆ ಯಾಕೆ ಜಾಸ್ತಿ ಆಗುತ್ತೆ ಅಂದ್ರೆ, ನಮ್ಮ ಕೈ ಯಾವಾಗಲೂ ಬಾಲಕ್ಕಿಂತ ಒಂದು ಕ್ಷಣ ಹಿಂದೆ. ನಾವು ಎಡಕ್ಕೆ ತಿರುಗಿಸೋ ಹೊತ್ತಿಗೆ ಅದು ತಾನೇ ಎಡಕ್ಕೆ ಹೊರಟಿರುತ್ತೆ, ಉಯ್ಯಾಲೆಗೆ ನೂಕಿದಂಗೆ ಆಗುತ್ತೆ. ಇಂಜಿನ್ ಹಿಡೀಬೇಕು ಅಂದ್ರೆ ಗೇರಲ್ಲಿರಬೇಕು, ಅದೂ ಇಳಿಜಾರು ಶುರುವಾಗೋಕೆ ಮುಂಚೇನೇ ಸಣ್ಣ ಗೇರಿಗೆ ಇಳಿಸಿರಬೇಕು. ಮಧ್ಯದಲ್ಲಿ ಗೇರ್ ಹುಡುಕೋಕೆ ಹೋದ್ರೆ ಸಿಗಲ್ಲ, ನ್ಯೂಟ್ರಲ್ಲಲ್ಲೇ ಉಳೀತೀರಿ.

ನ್ಯೂಟ್ರಲಲ್ಲಿ ಆ ಇಳಿಜಾರಿಗೆ ಎಷ್ಟು ಡೀಸೆಲ್ ಉಳಿಯುತ್ತೆ ಅಂತ ಯೋಚಿಸಿದೆ. ಒಂದು ಟೀ ಲೋಟ ಕೂಡ ತುಂಬಲ್ಲ.

ಈ ವರ್ಷದ ಕಾಯಿ ಇಳಿಸೋದು ಇನ್ನೇನು ಶುರು. ಪಿನ್ನು, ಹುಕ್ಕು ಹೊಸದು. ಹುಕ್ಕು ಕಳಚಿದ್ರೂ ಟ್ರೇಲರ್ ಓಡಿಹೋಗದ ಹಂಗೆ ಒಂದು ಸರಪಳಿ ಹಾಕ್ಸಿದೀನಿ. ಬ್ರೇಕ್ ಪೆಡಲ್ ಸೇರಿಸೋ ಪಟ್ಟಿಗೆ ಹುಡುಗ ಕೆಂಪು ಬಣ್ಣ ಹೊಡೆದವ್ನೆ, ಬಿಚ್ಚಿದ್ರೆ ಕಣ್ಣಿಗೆ ಬೀಳಲಿ ಅಂತ. ಹಿಂದಿನ ಬಾಗಿಲ ಕೊಂಡಿಗಳಿಗೆ ಬೋಲ್ಟ್ ಹಾಕಿಬಿಟ್ಟಿದೀನಿ, ಮಂಡೀಲಿ ಇಳಿಸೋವಾಗ ಸ್ಪ್ಯಾನರ್ ಬೇಕು, ಹಮಾಲಿಗಳು ಬೈತಾರೆ.

ಮೊನ್ನೆ ಆ ಹಾಲಿನ ತಾಯಿ ಸಂತೇಲಿ ಸಿಕ್ಕಿದ್ರು. ಕೈ ಹೆಂಗಿದೆ ಅಂತ ಕೇಳಿದೆ. ಚಳಿಗೆ ನೋಯ್ತದೆ ಅಂದ್ರು. "ಈ ಸಲ ಉಪ್ಪಿನಕಾಯಿಗೆ ಕಾಯಿ ಕಳಿಸ್ತೀನಮ್ಮ" ಅಂದೆ. "ಕಳಿಸಪ್ಪ. ಟ್ರ್ಯಾಕ್ಟರಲ್ಲಿ ಬೇಡ" ಅಂದ್ರು.

ಹಳೇ ಪಿನ್ನು ಹೊಸ ಪಿನ್ನು ಪಕ್ಕಪಕ್ಕ ಇಟ್ಟು ಫೋಟೋ ಹಾಕಿದೀನಿ ನೋಡಿ. ಹಳೇದರ ಸೊಂಟ ಎಷ್ಟು ಸವೆದಿದೆ ಅಂತ.