ಕಾಣದ ಬೆಳಕಿನ ಅಳತೆಗೋಲು

ಐಆರ್ (ಅವಕೆಂಪು) ಸೆನ್ಸರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಜಾತಿಯ ವಸ್ತುಗಳು ಮಾರಾಟವಾಗುತ್ತವೆ. ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಅಗ್ಗದ್ದರಲ್ಲಿ ಒಂದು ಅವಕೆಂಪು ಎಲ್‌ಇಡಿ, ಪಕ್ಕದಲ್ಲೊಂದು ಫೋಟೋಡಯೋಡ್, ಹಿಂದೆ ಎಲ್‌ಎಂ393 ಐಸಿ, ತಿರುಗಿಸಲು ಒಂದು ಪ್ರಿಸೆಟ್. ದುಬಾರಿಯದು ಜಪಾನಿನ ಶಾರ್ಪ್ ಕಂಪನಿಯ ಎರಡು ಕಣ್ಣಿನ ಕಪ್ಪು ಡಬ್ಬಿ. ಮೊದಲನೆಯದು ದೂರವನ್ನು ಅಳೆಯುವುದೇ ಇಲ್ಲ. ಮರಳಿ ಬಂದ ಬೆಳಕು ಎಷ್ಟು ಎಂಬುದನ್ನಷ್ಟೇ ನೋಡುತ್ತದೆ. ಬಿಳಿ ಗೋಡೆ 20 ಸೆಂ.ಮೀ. ಆಚೆಗಿದ್ದರೂ ‘ಇದೆ’ ಎನ್ನುವ ಅದು, ಕಪ್ಪು ಪ್ಯಾಂಟಿನ ಕಾಲು 5 ಸೆಂ.ಮೀ. ಹತ್ತಿರ ಬಂದರೂ ಸುಮ್ಮನಿರಬಹುದು. ಅದಕ್ಕೆ ದೂರಮಾಪಕವೆಂದು ಹೆಸರಿಟ್ಟು ಮಾರುವುದು ತಪ್ಪು. ಹಾಗೆಂದು ಮಕ್ಕಳಿಗೆ ಕಲಿಸುವುದು ಇನ್ನೂ ದೊಡ್ಡ ತಪ್ಪು.

ಶಾರ್ಪ್ ಡಬ್ಬಿ ನೆಚ್ಚಿಕೊಂಡಿರುವುದು ತ್ರಿಕೋನದ ಲೆಕ್ಕವನ್ನು. ಒಂದು ಕಣ್ಣಿನಿಂದ ಹೊರಟ ಬೆಳಕು ಗೋಡೆಗೆ ತಾಗಿ ಇನ್ನೊಂದು ಕಣ್ಣಿನ ಮಸೂರದ ಮೂಲಕ ಒಳಗೆ ಬಂದು, ಬೆಳಕನ್ನು ಗ್ರಹಿಸುವ ಉದ್ದನೆಯ ಒಂದು ಪಟ್ಟಿಯ ಮೇಲೆ ಚುಕ್ಕಿಯಾಗಿ ಬೀಳುತ್ತದೆ. ಗೋಡೆ ಹತ್ತಿರವಾದಂತೆ ಕೋನ ಹಿಗ್ಗಿ ಚುಕ್ಕಿ ಸರಿಯುತ್ತದೆ. ಚುಕ್ಕಿ ಎಷ್ಟು ಪ್ರಖರ ಎಂಬುದಲ್ಲ, ಎಲ್ಲಿ ಬಿತ್ತು ಎಂಬುದೇ ಇಲ್ಲಿ ಮುಖ್ಯ. ಆದ್ದರಿಂದ ಗೋಡೆಯ ಬಣ್ಣ ಯಾವುದಾದರೂ ಉತ್ತರ ಹೆಚ್ಚುಕಡಿಮೆ ಒಂದೇ. ಹವ್ಯಾಸಿಗಳ ಕೈಯಲ್ಲಿ ಹೆಚ್ಚು ಓಡಾಡುವ ಜಿಪಿ2ವೈ0ಎ21 ಅಳೆಯುವುದು 10ರಿಂದ 80 ಸೆಂ.ಮೀ.; ಮುಂಬಯಿಯ ಚಾಳಿನ ಕೋಣೆಯಲ್ಲಿ ಓಡುವ ರೋಬೋಗೆ ಅಷ್ಟು ಧಾರಾಳವಾಯಿತು.

10 ಸೆಂ.ಮೀ.ಗಿಂತ ಹತ್ತಿರ ಬಂದಾಗ ತೊಂದರೆ ಶುರು. ಗೋಡೆ ಹತ್ತಿರವಾದಂತೆ ಅಲ್ಲಿಯವರೆಗೆ ಏರುತ್ತಿದ್ದ ಸೆನ್ಸರಿನ ವೋಲ್ಟೇಜು ಇನ್ನೂ ಸ್ವಲ್ಪ ಮೇಲೆ ಹೋಗಿ ತಟ್ಟನೆ ಇಳಿಯುತ್ತದೆ. ಗೋಡೆಗೆ ಮೂಗು ತಾಗಿಸಿ ನಿಂತ ರೋಬೋ ಗೋಡೆ ದೂರವಿದೆಯೆಂದು ನಂಬಿ ವೇಗ ಹೆಚ್ಚಿಸುತ್ತದೆ. ಕೋಡಿನಲ್ಲಿ ಇದಕ್ಕೆ ನೆಚ್ಚಬಹುದಾದ ಮದ್ದಿಲ್ಲ; ಮದ್ದಿರುವುದು ಸ್ಕ್ರೂಡ್ರೈವರಿನಲ್ಲಿ. ಮುಂದೆ ನೋಡುವ ಸೆನ್ಸರನ್ನು ರೋಬೋದ ಮುಂಚೂಣಿಗೆ ಕಟ್ಟದೆ 10 ಸೆಂ.ಮೀ. ಹಿಂದಕ್ಕೆ, ಎಡಕ್ಕೆ ನೋಡುವುದನ್ನು ಬಲ ಅಂಚಿಗೆ, ಬಲಕ್ಕೆ ನೋಡುವುದನ್ನು ಎಡ ಅಂಚಿಗೆ ಕಟ್ಟಬೇಕು. ಆಗ ಕುರುಡು ಜಾಗವೆಲ್ಲ ರೋಬೋದ ಮೈಮೇಲೆಯೇ ಮುಗಿದುಹೋಗುತ್ತದೆ, ಗೋಡೆ ಆ ಜಾಗದೊಳಕ್ಕೆ ಬರುವ ಪ್ರಶ್ನೆಯೇ ಇಲ್ಲ. ಇಷ್ಟು ಸರಳವಾದ, ಇಷ್ಟು ಚೆಂದದ ಉಪಾಯ ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಈ ಸೆನ್ಸರು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಪರಿಚಯವಾದದ್ದರಲ್ಲಿ ಪವಾಯಿಯ ಐಐಟಿ ಬಾಂಬೆಯ ಪಾಲು ದೊಡ್ಡದು. ಅಲ್ಲಿನ ಇ-ಯಂತ್ರ ಯೋಜನೆ ಕಾಲೇಜುಗಳಿಗೆ ಒಯ್ದ ಫೈರ್‌ಬರ್ಡ್ V ಎಂಬ ರೋಬೋದಲ್ಲಿ ಐದು ಶಾರ್ಪ್ ಸೆನ್ಸರುಗಳಿಗೆ ಜಾಗವಿತ್ತು, ಸುತ್ತ ಎಂಟು ಸಣ್ಣ ಐಆರ್ ಕಣ್ಣುಗಳಿದ್ದವು, ಹೊಟ್ಟೆಯಡಿ ಗೆರೆ ಹಿಡಿಯುವ ಮೂರು ಸೆನ್ಸರುಗಳು. ಅದರ ಮಾದರಿ ಕೋಡಿನಲ್ಲಿ ವೋಲ್ಟೇಜನ್ನು ದೂರವಾಗಿಸುವ ಒಂದು ಸೂತ್ರವಿದೆ: ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಕೊಟ್ಟ ಸಂಖ್ಯೆಯನ್ನು 1.1546ರ ಘಾತಕ್ಕೇರಿಸಿ, ಅದರಿಂದ 2799.6ನ್ನು ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. ಒಂದು ಮಾಡೆಲ್ಲಿನ ಸೆನ್ಸರಿಗೆ, 8 ಬಿಟ್ಟಿನ ಎಡಿಸಿಗೆ ಲೆಕ್ಕ ಹಾಕಿದ ಒಳ್ಳೆಯ ಸೂತ್ರ. ಆದರೆ ಅದನ್ನು ಯಾವ ಸೆನ್ಸರಿಗೂ ಯಾವ ಬೋರ್ಡಿಗೂ ಅಂಟಿಸುವವರಿಗೆ ಏನೆನ್ನಬೇಕು? ಆರ್ಡುಯಿನೋ ಊನೋದ ಎಡಿಸಿ 10 ಬಿಟ್ಟಿನದು, ಅದೇ ವೋಲ್ಟೇಜಿಗೆ ನಾಲ್ಕು ಪಟ್ಟು ದೊಡ್ಡ ಸಂಖ್ಯೆ ಕೊಡುತ್ತದೆ. ನಾಲ್ಕನ್ನು ಆ ಘಾತಕ್ಕೇರಿಸಿದರೆ ಸುಮಾರು ಐದು. ಎಂದರೆ 40 ಸೆಂ.ಮೀ. ಆಚೆಯ ಗೋಡೆಯನ್ನು ರೋಬೋ 8 ಸೆಂ.ಮೀ.ಗೇ ಕಂಡು ನಿಂತುಬಿಡುತ್ತದೆ. ಆಗ ಬೈಗುಳ ಸೆನ್ಸರಿಗೆ! ಸೂತ್ರದ ಆ ಎರಡು ಅಂಕಿ ಎಲ್ಲಿಂದ ಬಂದವೆಂದು ಒಮ್ಮೆಯೂ ಕೇಳದವರು ರೋಬೋ ಕಟ್ಟಿದ್ದಾರೆಂದು ಒಪ್ಪುವುದು ಕಷ್ಟ.

ಸ್ವಂತ ಸೂತ್ರ ಪಡೆಯಲು ಬೇಕಾದದ್ದು ಟೈಲರ್ ಟೇಪು, ಬಿಳಿ ರಟ್ಟು, ಅರ್ಧ ಗಂಟೆ. ಹತ್ತು ಸೆಂಟಿಮೀಟರಿಗೊಮ್ಮೆ ರಟ್ಟು ನಿಲ್ಲಿಸಿ ಓದು ಬರೆದುಕೊಳ್ಳಬೇಕು. ದೂರಕ್ಕೆದುರಾಗಿ ವೋಲ್ಟೇಜಿನ ಗ್ರಾಫ್ ಹಾಕಿದರೆ ಬಾಗಿದ ಗೆರೆ. ದೂರದ ಬದಲು ಒಂದನ್ನು ದೂರದಿಂದ ಭಾಗಿಸಿ ಹಾಕಿದರೆ ಬಹುಮಟ್ಟಿಗೆ ನೇರ ಗೆರೆ. ಓದು ಕುಣಿಯುತ್ತಿದ್ದರೆ ಸೆನ್ಸರಿನ ಕಾಲಲ್ಲೇ 10 ಮೈಕ್ರೋಫ್ಯಾರಡ್ಡಿನ ಕೆಪಾಸಿಟರ್ ಬೆಸೆಯಬೇಕು. ಹೊಸ ಓದು ಬರುವುದು ಸುಮಾರು 38 ಮಿಲಿಸೆಕೆಂಡಿಗೊಮ್ಮೆ. ಸೆಕೆಂಡಿಗೆ ಅರ್ಧ ಮೀಟರ್ ಓಡುವ ರೋಬೋ ಅಷ್ಟರಲ್ಲಿ 2 ಸೆಂ.ಮೀ. ಮುಂದೆ ಹೋಗಿರುತ್ತದೆ.

ಅಗ್ಗದ ಜೋಡಿಗೂ ಗೌರವ ಸಲ್ಲಬೇಕು. ಅದರ ಎಲ್‌ಇಡಿಯನ್ನು ಸದಾ ಉರಿಯಲು ಬಿಡದೆ ಒಂದು ಟ್ರಾನ್ಸಿಸ್ಟರಿನಿಂದ ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಓದಿ ಕಳೆದರೆ ಕೋಣೆಯ ಬೆಳಕು ಲೆಕ್ಕದಿಂದ ಹೊರಗೆ ಹೋಗುತ್ತದೆ. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಎರಡೂ ಓದು ಒಂದು ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಎಲ್‌ಇಡಿ ಉರಿಯುತ್ತಿದೆಯೇ ಎಂದು ತಿಳಿಯಲು ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಸಾಮಾನ್ಯವಾಗಿ ನೇರಳೆ ಚುಕ್ಕಿ ಕಾಣುತ್ತದೆ.

ಕಪ್ಪು ಬಣ್ಣದ ವಿಷಯವಂತೂ ಎಂದೂ ಬೇಸರ ತರಿಸದು. ಕಣ್ಣಿಗೆ ಕಪ್ಪಾದದ್ದೆಲ್ಲ ಅವಕೆಂಪಿಗೆ ಕಪ್ಪಲ್ಲ. ಇಂಗಾಲದ ಕಪ್ಪು ಎರಡು ಬೆಳಕನ್ನೂ ನುಂಗುತ್ತದೆ. ಬಣ್ಣದ ರಸಾಯನಗಳನ್ನು ಬೆರೆಸಿ ಮಾಡಿದ ಎಷ್ಟೋ ಕಪ್ಪು ಶಾಯಿಗಳು ಅವಕೆಂಪನ್ನು ಹಾಗೆಯೇ ಒಳಬಿಡುತ್ತವೆ. ಮಾರ್ಕರಿನಲ್ಲಿ ಎಳೆದ ದಪ್ಪ ಗೆರೆಯ ಮೇಲೆ ರೋಬೋ ಏನೂ ಕಾಣದಂತೆ ಹಾದುಹೋಗುವುದುಂಟು. ಅದೇ ಜಾಗಕ್ಕೆ ಎಲೆಕ್ಟ್ರಿಷಿಯನ್ನನ ಕಪ್ಪು ಟೇಪು ಅಂಟಿಸಿದರೆ ಹಿಡಿಯುತ್ತದೆ. ಲೇಸರ್ ಪ್ರಿಂಟರಿನ ಟೋನರಿನಲ್ಲಿ ಸಾಮಾನ್ಯವಾಗಿ ಇಂಗಾಲವಿದೆ, ಇಂಕ್‌ಜೆಟ್ಟನ್ನು ಪರೀಕ್ಷಿಸದೆ ನಂಬಬಾರದು.

ಉಳಿದದ್ದು ಬಿಸಿಲು. ಕಿಟಕಿಯಿಂದ ನೇರ ಬಿಸಿಲು ಬಿದ್ದಾಗ ಫೋಟೋಡಯೋಡ್ ಬೆಳಕಿನಿಂದ ತುಂಬಿಹೋಗುತ್ತದೆ. ಹೊತ್ತಿಸಿದ ಓದಿಗೂ ಆರಿಸಿದ ಓದಿಗೂ ವ್ಯತ್ಯಾಸವೇ ಉಳಿಯುವುದಿಲ್ಲ, ಕಳೆಯುವ ಲೆಕ್ಕ ಅಲ್ಲಿ ಸೋಲುತ್ತದೆ. ಪರದೆ ಎಳೆಯಬೇಕು, ಇಲ್ಲವೇ ಸಂಜೆಯಾಗುವವರೆಗೆ ಕಾಯಬೇಕು.