ನಡುವೆ ನಿಂತ ಕಥೆಯ ಋಣ

ಕಥೆಯೊಂದು ನಡುದಾರಿಯಲ್ಲಿ ನಿಂತುಹೋದರೆ ಅದನ್ನು ಮುಗಿಸುವ ಹೊಣೆ ಯಾರದು? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಮಗಳ ಕಂಪ್ಯೂಟರಿನ ಆಟವೊಂದರಿಂದ ಎಂದರೆ ನನ್ನ ವಿದ್ಯಾರ್ಥಿಗಳು ನಂಬಲಾರರು.

2013ರಲ್ಲಿ ಅವಳು ಆಗತಾನೇ ಕೆಲಸಕ್ಕೆ ಸೇರಿದ್ದಳು. ಇನ್ನೂ ಸಿದ್ಧವಾಗದ ಆಟವೊಂದಕ್ಕೆ ಸಂಬಳದಿಂದ ಹಣ ಕಳುಹಿಸಿದೆನೆಂದು ತಿಳಿಸಿದಾಗ ನಾನು ರೇಗಿದೆ. ಅವಳು ಶಾಂತವಾಗಿಯೇ ಹೇಳಿದಳು: “ಅಪ್ಪಾ, ಏಳು ವರ್ಷದಿಂದ ಆ ಹುಡುಗಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಮುಂದೇನಾಯಿತು ಅಂತ ತಿಳಿಯಬೇಡವಾ?”

ಆ ಹುಡುಗಿ ನಾರ್ವೆ ದೇಶದವರು ಸೃಷ್ಟಿಸಿದ ಪಾತ್ರ. ‘ದಿ ಲಾಂಗೆಸ್ಟ್ ಜರ್ನಿ’ ಎಂಬ ಆಟ 1999ರಲ್ಲಿ ಓಸ್ಲೋ ನಗರದ ಫನ್‌ಕಾಮ್ ಸಂಸ್ಥೆಯಿಂದ ಹೊರಬಂದಿತು. ಇದರಲ್ಲಿ ಗೆಲುವು ಬೆರಳಿನ ವೇಗಕ್ಕೆ ಸಿಕ್ಕುವಂಥದ್ದಲ್ಲ. ತೆರೆಯ ಮೇಲಿನ ವಸ್ತುಗಳನ್ನು ಮೌಸ್‌ನಿಂದ ಒತ್ತಿ ಪರೀಕ್ಷಿಸಬೇಕು, ಪಾತ್ರಗಳೊಡನೆ ಮಾತನಾಡಬೇಕು, ಒಗಟು ಬಿಡಿಸಬೇಕು. ಆಗ ಕಥೆ ಮುಂದೆ ಸಾಗುತ್ತದೆ. ವಿಜ್ಞಾನ ಆಳುವ ಸ್ಟಾರ್ಕ್ ಮತ್ತು ಮಾಯೆ ಆಳುವ ಆರ್ಕೇಡಿಯಾ ಎಂಬ ಎರಡು ಲೋಕಗಳ ನಡುವೆ ಏಪ್ರಿಲ್ ರಯಾನ್ ಎಂಬ ಚಿತ್ರಕಲಾ ವಿದ್ಯಾರ್ಥಿನಿ ಅಲೆಯುತ್ತಾಳೆ. ಈ ಕಥೆಯನ್ನು ವೃದ್ಧೆಯೊಬ್ಬಳು ಇಬ್ಬರು ಎಳೆಯರಿಗೆ ಹೇಳುತ್ತಿರುವಂತೆ ನಿರೂಪಣೆ ಆರಂಭವಾಗುತ್ತದೆ. ಅಜ್ಜಿಯ ಮಡಿಲಿನಲ್ಲಿ ಕಥೆ ಕೇಳಿ ಬೆಳೆದ ನಮಗೆ ಈ ತಂತ್ರ ಅಪರಿಚಿತವಲ್ಲ.

2006ರಲ್ಲಿ ಬಂದ ‘ಡ್ರೀಮ್‌ಫಾಲ್’ ಎಂಬ ಎರಡನೆಯ ಆಟದ ಕೊನೆಯಲ್ಲಿ ಹೊಸ ನಾಯಕಿ ಜೋಯಿ ಕ್ಯಾಸ್ಟಿಲೋ ಪ್ರಜ್ಞಾಹೀನಳಾಗುತ್ತಾಳೆ. ಏಪ್ರಿಲ್ ಇರಿತಕ್ಕೊಳಗಾಗಿ ನೀರಿಗೆ ಬೀಳುತ್ತಾಳೆ. ಕಥೆ ಅಲ್ಲಿಗೇ ನಿಂತಿತು. ಅದರ ಕರ್ತೃ ರಾಗ್ನಾರ್ ಟೋರ್ನ್‌ಕ್ವಿಸ್ಟ್ 2012ರಲ್ಲಿ ರೆಡ್ ಥ್ರೆಡ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ಕಟ್ಟಿ, ಮರುವರ್ಷ ಕಿಕ್‌ಸ್ಟಾರ್ಟರ್ ತಾಣದ ಮೂಲಕ ನೇರವಾಗಿ ಆಟಗಾರರ ಮುಂದೆಯೇ ಕೈಚಾಚಿದರು. ಕೇಳಿದ್ದು 8.5 ಲಕ್ಷ ಡಾಲರ್. 21 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 15 ಲಕ್ಷಕ್ಕೂ ಮಿಗಿಲಾಗಿ ಕೊಟ್ಟರು.

ಈ ಪದ್ಧತಿ ನಾನು ಭಾವಿಸಿದಷ್ಟು ಹೊಸದಲ್ಲ. ಅಲೆಕ್ಸಾಂಡರ್ ಪೋಪ್ ಕವಿಯ ‘ಇಲಿಯಡ್’ ಅನುವಾದ 1715ರಿಂದ 1720ರವರೆಗೆ ಆರು ಸಂಪುಟಗಳಲ್ಲಿ ಬಂದದ್ದು ಚಂದಾದಾರರ ಬೆಂಬಲದಿಂದಲೇ. ನಮ್ಮಲ್ಲಿಯೂ ‘ಪ್ರಕಟಣಪೂರ್ವ ಬೆಲೆ’ ಎಂಬ ಮಾತು ಪುಸ್ತಕಪ್ರಿಯರಿಗೆಲ್ಲ ಪರಿಚಿತ. ಇಲ್ಲಿ ಓದುಗ ಕೊಡುವ ಹಣದಲ್ಲಿ ಬೆಲೆಗಿಂತ ನಂಬಿಕೆಯ ಪಾಲೇ ದೊಡ್ಡದು.

ಇದನ್ನು ಬರೆಯುವಾಗ ನನ್ನ ಲೇಖನಿ ತಡವರಿಸುತ್ತದೆ. ನಮ್ಮ ಸೀಮೆಯ ಆಡುಮಾತಿನ ಪದಸಂಗ್ರಹವೊಂದರ ಮೊದಲ ಸಂಪುಟವನ್ನು ಹಿಂದೆ ಪ್ರಕಟಿಸಿದ್ದೆ. ಎರಡನೆಯದಕ್ಕೆಂದು 63 ಮಂದಿಯಿಂದ ಮುಂಗಡ ಪಡೆದೆ. ಆಮೇಲೆ ಮೌಲ್ಯಮಾಪನ, ಆಡಳಿತದ ಕೆಲಸ, ಮನೆಯ ತಾಪತ್ರಯ ಎಂದು ಕಾರಣಗಳು ಬೆಳೆದವು. ಟಿಪ್ಪಣಿಗಳು ಬೀರುವಿನಲ್ಲಿ ಉಳಿದವು. ಬೇಸಾಯದ ಪದಗಳನ್ನು ಬರೆದುಕೊಟ್ಟಿದ್ದ ನಿವೃತ್ತ ಮೇಷ್ಟ್ರೊಬ್ಬರು ಕಂಡಾಗಲೆಲ್ಲ, “ಎಲ್ಲಿಗೆ ಬಂತು ಮೇಷ್ಟ್ರೇ?” ಎನ್ನುತ್ತಿದ್ದರು. “ಇಗೋ, ಅಚ್ಚಿಗೆ ಹೋಗುತ್ತದೆ” ಎನ್ನುತ್ತಿದ್ದೆ. ಅವರು ತೀರಿಕೊಂಡರು. ಪುಸ್ತಕ ಅಚ್ಚಿಗೆ ಹೋಗಲಿಲ್ಲ.

ನಾರ್ವೆಯವರ ದಾರಿಯೂ ಸುಗಮವಾಗಿರಲಿಲ್ಲ. ಅವರು ‘ಡ್ರೀಮ್‌ಫಾಲ್ ಚಾಪ್ಟರ್ಸ್’ ಆಟವನ್ನು ಐದು ಭಾಗಗಳಾಗಿ ಒಡೆದು, ಒಂದೊಂದನ್ನೂ ‘ಬುಕ್’ ಎಂದು ಕರೆದು, 2014ರ ಅಕ್ಟೋಬರಿನಿಂದ ಕಂತುಕಂತಾಗಿ ಕೊಟ್ಟರು. ಕೊನೆಯ ಕಂತು ಬರುವ ಹೊತ್ತಿಗೆ 2016ರ ಜೂನ್ ಆಗಿತ್ತು. ತಡವಾಯಿತು, ಆದರೆ ಕಥೆ ಮುಗಿಯಿತು.

ಆ ಕೊನೆಯ ಭಾಗವನ್ನು ಮಗಳು ಆಡುತ್ತಿದ್ದ ರಾತ್ರಿ ನಾನು ಅವಳ ಪಕ್ಕದಲ್ಲಿ ಕುಳಿತಿದ್ದೆ. ಆಟ ಮುಗಿದ ಮೇಲೆ ನೆರವು ನೀಡಿದವರ ಹೆಸರುಗಳು ಸಾಲುಸಾಲಾಗಿ ಏರತೊಡಗಿದವು. ಅವಳು ತನ್ನ ಹೆಸರಿಗಾಗಿ ಕಣ್ಣರಳಿಸಿ ಕಾಯುತ್ತಿದ್ದಳು. ನನ್ನ ಕಣ್ಣ ಮುಂದೆ ಬೇರೆಯೇ ಒಂದು ಪಟ್ಟಿ ಹಾಯುತ್ತಿತ್ತು.

ಮರುದಿನ ಬೀರು ತೆಗೆದೆ. ಕೆಲವು ಹಾಳೆಗಳಿಗೆ ಗೆದ್ದಲು ಹಿಡಿದಿತ್ತು. ಮೇಷ್ಟ್ರ ದುಂಡನೆಯ ಅಕ್ಷರಗಳು ಪುಣ್ಯಕ್ಕೆ ಉಳಿದಿದ್ದವು. 63 ಹೆಸರುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು ಒಬ್ಬೊಬ್ಬರಿಗೂ ಕಾಗದ ಬರೆಯಲು ಕುಳಿತೆ. ಮೊದಲನೆಯದನ್ನು ಮೇಷ್ಟ್ರ ಮಗನಿಗೆ ಬರೆದೆ. ಕ್ಷಮೆ ಕೇಳಿ, ಇನ್ನು ‘ಅಚ್ಚಿಗೆ ಹೋಗುತ್ತದೆ’ ಎಂದು ಹೇಳುವುದಿಲ್ಲವೆಂದೂ, ‘ನ’ಕಾರದಿಂದ ಕೆಲಸ ಮತ್ತೆ ಆರಂಭಿಸಿದ್ದೇನೆಂದೂ ತಿಳಿಸಿದೆ.