ಬೊಲೊನ್ಯದ ಕಮಾನುಗಳ ಕೆಳಗೆ

ನವೆಂಬರ್ ಮೊದಲ ವಾರ. ಇಟಲಿಯ ಬೊಲೊನ್ಯದಲ್ಲಿರುವ ಮಗನ ಮನೆಯಿಂದ ನಾನು ಮೈಸೂರಿಗೆ ಮರಳಲು ಎರಡೇ ದಿನ ಬಾಕಿ. ಅಲ್ಲೇ ಹುಟ್ಟಿ ಬೆಳೆದ ಎಂಟು ವರ್ಷದ ಮೊಮ್ಮಗಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಟಾಲಿಯನ್ನಿನಲ್ಲಿ! ನಾನು ಕಥೆ ಹೇಳುವುದು, ಅವಳು ತಲೆಯಾಡಿಸುವುದು; ಎರಡು ತಿಂಗಳು ಹೀಗೇ ಕಳೆಯಿತು.

"ಅಮ್ಮ, ಇವತ್ತು ಶನಿವಾರ. ನಿಧಾನವಾಗಿ ಊರು ಸುತ್ತೋಣ" ಎಂದ ಮಗ. ಹೊರಗೆ ಜಿಟಿಜಿಟಿ ಮಳೆ. ನಾನು ಕೊಡೆ ಹಿಡಿದರೆ ಮೊಮ್ಮಗಳು ಅದನ್ನು ಕಸಿದು ಬಾಗಿಲ ಹಿಂದೆ ಇಟ್ಟಳು. ಯಾಕೆಂದು ಬೀದಿಗಿಳಿದಾಗ ಗೊತ್ತಾಯಿತು. ಇಲ್ಲಿ ಕಾಲುದಾರಿಯ ಮೇಲೆಲ್ಲ ಕಮಾನಿನ ಸೂರು. ನಮ್ಮ ಹಳೆಯ ಮನೆಗಳ ಜಗಲಿಗಳನ್ನು ಒಂದಕ್ಕೊಂದು ಜೋಡಿಸಿದ ಹಾಗೆ! ಒಟ್ಟು ಸುಮಾರು 62 ಕಿಲೋಮೀಟರ್ ಉದ್ದವಂತೆ. 1088ರಲ್ಲಿ ಶುರುವಾಯಿತೆನ್ನುವ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳು ಬಂದು ಊರು ತುಂಬಿದಾಗ, ಜನ ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿ ಕೋಣೆ ಕಟ್ಟಿಕೊಂಡರು, ಕೆಳಗೆ ಕಂಬ ಕೊಟ್ಟರು. ಕುದುರೆ ಸವಾರನ ತಲೆಗೆ ತಾಗದಷ್ಟು ಎತ್ತರ ಇರಬೇಕೆಂಬ ನಿಯಮವೂ ಇತ್ತು. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವಳಿ ಗೋಪುರಗಳನ್ನು ದೂರದಿಂದಲೇ ನೋಡಿದೆವು. ವಾಲಿರುವ ಗಿಡ್ಡ ಗೋಪುರಕ್ಕೆ 2023ರಿಂದ ಸುತ್ತ ಬೇಲಿ. ಹೀಗಾಗಿ 97 ಮೀಟರ್ ಎತ್ತರದ ಅಸಿನೆಲ್ಲಿಯನ್ನೂ ಹತ್ತುವಂತಿಲ್ಲ. 498 ಮೆಟ್ಟಿಲು ತಪ್ಪಿತೆಂದು ನನ್ನ ಮಂಡಿಗಳು ಹಿಗ್ಗಿದವು.

ಹನ್ನೊಂದೂವರೆಗೆ ಸಾನ್ ಪೆತ್ರೋನಿಯೊ ಚರ್ಚಿಗೆ ಹೋದೆವು. ಅಲ್ಲಿ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಗೆರೆ ಇದೆ. 1655ರಲ್ಲಿ ಖಗೋಳ ವಿಜ್ಞಾನಿ ಕಸ್ಸೀನಿ ಹಾಕಿಸಿದ್ದು. ಮಕ್ಕಳೇ, ಶನಿಗ್ರಹದ ಬಳೆಗಳ ನಡುವೆ ಸಂದು ಕಂಡುಹಿಡಿದವನು ಇವನೇ. 27 ಮೀಟರ್ ಎತ್ತರದ ಚಾವಣಿಯಲ್ಲಿ ಒಂದು ಚಿಕ್ಕ ತೂತು. ಸೂರ್ಯ ನೆತ್ತಿಗೆ ಬಂದ ಗಳಿಗೆಯಲ್ಲಿ ಅದರಿಂದಿಳಿದ ಬೆಳಕು ಸರಿಯಾಗಿ ಗೆರೆಯ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಗೆರೆಯ ಒಂದು ಕೊನೆಯ ಹತ್ತಿರ, ಚಳಿಗಾಲದಲ್ಲಿ ಇನ್ನೊಂದು ಕೊನೆಯ ಹತ್ತಿರ.

ಆದರೆ ಮೋಡ ಬಿಡಬೇಕಲ್ಲ! ಹನ್ನೊಂದು ಐವತ್ತಾದರೂ ನೆಲ ಮಂಕಾಗಿಯೇ ಇತ್ತು. ಮೊಮ್ಮಗಳು ನನ್ನ ಸೆರಗು ಹಿಡಿದು ಮೇಲೇ ನೋಡುತ್ತಿದ್ದಳು. ಐವತ್ತಾರಕ್ಕೆ ಗೆರೆಯ ಪಕ್ಕ ಮೊಟ್ಟೆಯಾಕಾರದ ಬೆಳಕು ಮೂಡಿತು, ಸುಮಾರು ಒಂದು ಮೀಟರ್ ಉದ್ದ. ಕಣ್ಣೆದುರೇ ತೆವಳಿತು. ಐವತ್ತೆಂಟಕ್ಕೆ ಗೆರೆ ಅದರ ನಡುವೆ ಹಾದುಹೋಯಿತು! ಮೊಮ್ಮಗಳು ಅಂಗೈ ಒಡ್ಡಿ ನಿಂತಳು.

ಗೆರೆಯಲ್ಲಿ ರಾಶಿಗಳ ಗುರುತೂ ಇದೆ. ಅದರ ಲೆಕ್ಕಕ್ಕೆ ಸೂರ್ಯ ಆಗಲೇ ವೃಶ್ಚಿಕದಲ್ಲಿದ್ದ. ನಮ್ಮ ಪಂಚಾಂಗದಲ್ಲಾದರೋ ಇನ್ನೂ ತುಲಾ! ನಾವು ನಕ್ಷತ್ರಗಳನ್ನು ಹಿಡಿದು ಎಣಿಸುತ್ತೇವೆ. ಅವರು ಹಗಲು-ರಾತ್ರಿ ಸಮನಾಗುವ ದಿನದಿಂದ ಎಣಿಸುತ್ತಾರೆ. ಹೀಗೆ ಮೂರು ವಾರಕ್ಕೂ ಮಿಕ್ಕಿದ ಅಂತರ.

ಊಟದ ವಿಷಯ ಹೇಳಲೇಬೇಕು. ಈ ಊರಿನ ಹೆಸರಾಂತ ತಿನಿಸು ತೊರ್ತೆಲ್ಲೀನಿ, ಒಳಗೆ ಹಂದಿಮಾಂಸ. ನಾನು ಸಸ್ಯಾಹಾರಿ. ನನಗೆ ಬೇಕಾದದ್ದು ತೊರ್ತೆಲ್ಲೋನಿ. ಅದು ಕೊಂಚ ದೊಡ್ಡದು, ಒಳಗೆ ರಿಕೊಟ್ಟ ಎಂಬ ಮೆತ್ತನೆಯ ಗಿಣ್ಣು. ಲೀ ಹೋಗಿ ಲೋ ಆದರೆ ನಾನು ಉಳಿದೆ! ಅದಕ್ಕೇ ಮೊಮ್ಮಗಳು ಬಡಿಸುವವನಿಗೆ 'ಲೋ' ಎಂದು ಮೂರು ಸಲ ಒತ್ತಿ ಹೇಳಿದಳು. ಬೆಣ್ಣೆಯಲ್ಲಿ ಹೊರಳಿಸಿದ ಪುಟ್ಟ ಕಡುಬಿನಂತಿತ್ತು. ಉಪ್ಪು ಸಾಕು, ಖಾರ ಸೊನ್ನೆ. ಕೈಚೀಲದಲ್ಲಿದ್ದ ಚಟ್ನಿಪುಡಿಯನ್ನು ಮಗನ ಕಣ್ಣು ತಪ್ಪಿಸಿ ಉದುರಿಸಿಕೊಂಡೆ.

ಸಂಜೆ ದೊಡ್ಡ ಚೌಕದ ಪೊದೆಸ್ತಾ ಅರಮನೆಯ ಕೆಳಗಿನ ಕಮಾನಿಗೆ ಬಂದೆವು. ಅಲ್ಲಿ ಒಂದು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ, ದನಿ ಕಮಾನಿನ ಒಳಮೈಯನ್ನು ಹಿಡಿದು ಎದುರು ಮೂಲೆಗೆ ಇಳಿಯುತ್ತದೆ. ನಡುವೆ ಓಡಾಡುವವರಿಗೆ ಏನೂ ಕೇಳಿಸದು. ಮೊಮ್ಮಗಳು ನನ್ನನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ ಆಚೆಗೆ ಓಡಿದಳು. ನಾನು ಕಲ್ಲಿಗೆ ಕಿವಿಗೊಟ್ಟೆ. ಇಟಾಲಿಯನ್ನಿನಲ್ಲಿ ಏನೋ ಬರುತ್ತದೆಂದುಕೊಂಡಿದ್ದೆ.

"ಅಜ್ಜೀ, ನಾಡಿದ್ದು ಹೋಗ್ತೀಯಾ?"

ಕಿವಿಯ ಪಕ್ಕದಲ್ಲೇ, ಅಚ್ಚ ಕನ್ನಡದಲ್ಲಿ! ನನಗೆ ತಕ್ಷಣ ಮಾತು ಹೊರಡಲಿಲ್ಲ. ಹಿಂದೆ ಸರದಿಯಲ್ಲಿ ಇನ್ನಿಬ್ಬರು ಹುಡುಗರು ಕಾಯುತ್ತಿದ್ದರು.

"ಹೂಂ ಮರಿ. ಬೇಸಿಗೆ ರಜಕ್ಕೆ ನೀನು ಬರ್ತೀಯಾ?" ಎಂದು ಗೋಡೆಯನ್ನು ಕೇಳಿದೆ.